ಇಲ್ಲದ 17ನೇ ಮನೆ

ನಾನು ಓದಿದ್ದು ಬಿಕಾಂ, ಕೋಡ್ ಕಲಿತದ್ದು ಆಮೇಲೆ. 2013ರಲ್ಲಿ ಜಿಸಿಸಿ ಕಂಪೈಲರ್‌ನ 4.8 ಆವೃತ್ತಿ ಬಂತು. ಕಂಪ್ಯೂಟರ್ ವೇಗ ಅಳೆಯುವ ಸ್ಪೆಕ್ 2006ರ ಒಂದು ವಿಡಿಯೊ ಪ್ರೋಗ್ರಾಂನ ಲೂಪ್ ಅದರಲ್ಲಿ ನಿಲ್ಲಲೇ ಇಲ್ಲ. ಕಂಪೈಲರ್‌ದೇ ತಪ್ಪು ಅನ್ಸುತ್ತೆ ಅಲ್ವಾ? ನನಗೂ ಅನ್ನಿಸಿತ್ತು.

ಅಲ್ಲಿದ್ದದ್ದು 16 ಮನೆಗಳ ಅರೇ. ಲೂಪ್ ಮೊದಲು ಮುಂದಿನ ಮನೆ ಓದಿ, ಆಮೇಲೆ 'ಮುಗೀತಾ?' ಅಂತ ನೋಡ್ತಿತ್ತು. ಅಂದ್ರೆ ಇಲ್ಲದ 17ನೇ ಮನೆಗೂ ಕೈ ಹಾಕ್ತಿತ್ತು. ಸಿ ಭಾಷೆಯ ನಿಯಮ ಇದನ್ನ ಒಪ್ಪಲ್ಲ. 'ಇವರು ನಿಯಮ ಮೀರಲ್ಲ' ಅಂತ ನಂಬಿದ ಕಂಪೈಲರ್, 'ಮುಗೀತಾ' ಅನ್ನೋ ಪರೀಕ್ಷೆಯನ್ನೇ ಕಿತ್ತುಹಾಕ್ತು!

ಈ ಜಾಣತನವನ್ನ ಆಫ್ ಮಾಡೋ ಆಯ್ಕೆಯೂ ಜಿಸಿಸಿಯಲ್ಲಿದೆ. ಆದ್ರೆ ನಿಜವಾದ ರಿಪೇರಿ ಇಷ್ಟೇ: ಮೊದಲು ನೋಡಿ, ಆಮೇಲೆ ಓದಿ. ನಮ್ಮ ಕಾಮರ್ಸ್ ಭಾಷೇಲಿ, ಆಡಿಟ್ ಆಗಿಲ್ಲ ಅಂದ ಮಾತ್ರಕ್ಕೆ ಲೆಕ್ಕ ಸರಿ ಇದೆ ಅಂತಲ್ಲ.