ತೆಂಗಿನ ನೀರು, ಅಕ್ಕಿಯ ಬಿಳುಪು

(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ಸಸ್ಯಶಾಸ್ತ್ರದ ಮಾತಾಡುವುದು ವಾಡಿಕೆಯಲ್ಲ. ಆದರೆ ಸಭೆಯ ಆರಂಭಕ್ಕೆ ಒಡೆದ ತೆಂಗಿನಕಾಯಿಯೇ ನನಗೆ ವಿಷಯ ಒದಗಿಸಿದೆ. ಅಲ್ಲಿಂದ ಹೊರಟು ನಮ್ಮ ಅಡಿಗೆಮನೆಯ ಅಕ್ಕಿಡಬ್ಬಿಯವರೆಗೆ ತಮ್ಮನ್ನು ಕರೆದೊಯ್ಯುವೆನು. ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ಬಂದು ನೆಲಸಿದ ನಮ್ಮ ಎಷ್ಟೋ ಮನೆಗಳಲ್ಲಿ ಇಲ್ಲಿಯ ಕೆಂಪು ಪುಳುಂಗಲರಿಗೆ ಇನ್ನೂ ಪ್ರವೇಶ ದೊರೆತಿಲ್ಲ. ಮಕ್ಕಳು ನೆರೆಮನೆಯಲ್ಲಿ ಉಂಡುಬಂದು ಅದನ್ನೇ ಬೇಡಿದರೆ, ಹಿರಿಯರು ಸೋನಾ ಮಸೂರಿಯ ಮೂಟೆ ತೋರಿಸುತ್ತಾರೆ. ಈ ವ್ಯಾಜ್ಯದಲ್ಲಿ ನಾನು ಮಕ್ಕಳ ವಕೀಲ.

ಹೂವು ಕಾಯಾಗುವಾಗ ಒಳಗೆ ಎರಡು ಕೂಡಿಕೆಗಳು ನಡೆಯುತ್ತವೆ. ಪರಾಗ ತಂದ ಎರಡು ಗಂಡು ಕಣಗಳಲ್ಲಿ ಒಂದು ಅಂಡದೊಡನೆ ಸೇರಿ ಭ್ರೂಣವಾಗುತ್ತದೆ. ಇನ್ನೊಂದು, ತಾಯಿಯ ಬೇರೆ ಎರಡು ಕೋಶಕೇಂದ್ರಗಳೊಡನೆ ಸೇರಿ, ಆ ಭ್ರೂಣಕ್ಕೆ ಆಹಾರವಾಗಿ ಬೆಳೆಯುತ್ತದೆ. 1898ರಲ್ಲಿ ರಷ್ಯದ ನವಾಷಿನ್ ಲಿಲಿಯ ಹೂವಿನಲ್ಲಿ ಇದನ್ನು ಕಂಡು ಲೋಕಕ್ಕೆ ತಿಳಿಸಿದರು. ನಮ್ಮ ಪಠ್ಯಪುಸ್ತಕಗಳು ಈ ಆಹಾರವನ್ನು ಭ್ರೂಣಾಹಾರವೆನ್ನುತ್ತವೆ; ಮಲಯಾಳಿಗಳು ಬೀಜಾನ್ನವೆನ್ನುತ್ತಾರೆ. ನಾನು ಬುತ್ತಿ ಎಂದು ಕರೆಯುತ್ತೇನೆ. ತೆಂಗಿನ ಕೋಶದಲ್ಲಿ 32 ವರ್ಣತಂತುಗಳಿದ್ದರೆ ಬುತ್ತಿಯ ಕೋಶದಲ್ಲಿ 48: ತಾಯಿಯದು ಎರಡು ಪಾಲು, ತಂದೆಯದು ಒಂದು. ಬುತ್ತಿ ಕಟ್ಟುವುದರಲ್ಲಿ ಯಾರ ಪಾಲು ಹೆಚ್ಚೆಂದು ಇಲ್ಲಿ ಕುಳಿತ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ನಾವು ಕುಡಿಯುವ ಎಳನೀರು ಈ ಬುತ್ತಿಯೇ. ಕೇಂದ್ರಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತ, ನಡುವೆ ಗೋಡೆಯೇಳದೆ ದ್ರವದಲ್ಲಿಯೇ ತೇಲುತ್ತಿರುತ್ತವೆ. ಸುಮಾರು ಆರನೆಯ ತಿಂಗಳಿನಲ್ಲಿ, ತೊಟ್ಟಿನ ಎದುರು ತುದಿಯಿಂದ ಮೊದಲಾಗಿ, ಕರಟದ ಒಳಮೈಗೆ ಕೋಶಗಳು ಕಟ್ಟತೊಡಗುತ್ತವೆ. ಎಳನೀರಿನವನು ಕೆರೆದುಕೊಡುವ ಗಂಜಿ ಅದು. ಹನ್ನೆರಡನೆಯ ತಿಂಗಳಿಗೆ ಅದೇ ತುರಿಯುವ ಕಾಯಿ. ಕಾಯಿ ಒಡೆದಾಗ ಒಳಗೆ ಹೂವು ಸಿಕ್ಕಿದರೆ ನಾವು ಶುಭವೆಂದು ಕಣ್ಣಿಗೊತ್ತಿಕೊಳ್ಳುತ್ತೇವೆ. ಇಲ್ಲಿಯವರು ಪೊಂಗು ಎಂದು ತಿಂದುಬಿಡುತ್ತಾರೆ. ಮೆತ್ತಗಿನ ಕಣ್ಣಿನ ಕೆಳಗೆ ಮಲಗಿದ್ದ ಭ್ರೂಣವು ಎಚ್ಚೆತ್ತು ಬುತ್ತಿಗೆ ಚಾಚಿದ ಬಾಯಿ ಅದು. ಬೇರೆ ಗಿಡದ ಮಕ್ಕಳಿಗೂ ಈ ಬುತ್ತಿ ಒಗ್ಗುತ್ತದೆ. 1941ರಲ್ಲಿ ಫಾನ್ ಓವರ್‌ಬೀಕ್ ಮತ್ತು ಸಂಗಡಿಗರು ದತ್ತೂರಿಯ ಎಳೆಯ ಭ್ರೂಣಗಳನ್ನು ಹೊರತೆಗೆದು, ತೆಂಗಿನ ನೀರು ಬೆರೆಸಿದ ಆಹಾರದಲ್ಲಿ ಬೆಳೆಸಿ ತೋರಿಸಿದರು.

ಕೆಲವು ಗಿಡಗಳಲ್ಲಿ ಮೊದಲಿನಿಂದಲೇ ಗೋಡೆಯೇಳುತ್ತದೆ. ಕೆಲವು ಇವೆರಡರ ನಡುದಾರಿ ಹಿಡಿಯುತ್ತವೆ. ಆ ನಡುದಾರಿಯನ್ನು ಕುರಿತು 1963ರಲ್ಲಿ ಪರಮೇಶ್ವರನ್ ಅವರೊಡನೆ ದೀರ್ಘ ಪ್ರಬಂಧ ಬರೆದವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿ, ಡಿ.ವಿ.ಜಿ.ಯವರ ಸುಪುತ್ರರು. ನಮ್ಮಂತೆ ಹೊರನಾಡಿನಲ್ಲಿದ್ದವರು. ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಇಂಗ್ಲಿಷ್ ಪ್ರಬಂಧವನ್ನು ಓದದವರಿಗೆ ಕ್ಷಮೆಯುಂಟು; ಕನ್ನಡ ಪುಸ್ತಕವನ್ನು ಓದದವರಿಗೆ ಇಲ್ಲ.

ಇನ್ನು ಅಕ್ಕಿ. ಭತ್ತದ ಬುತ್ತಿಯೂ ತೆಂಗಿನದರಂತೆ ಗೋಡೆಯಿಲ್ಲದೆ ಮೊದಲಾಗುತ್ತದೆ. ಆದರೆ ಕೆಲವೇ ದಿನಗಳಲ್ಲಿ ಕೋಶ ಕಟ್ಟಿ, ಹಾಲುಗಾಳಾಗಿ, ಪಿಷ್ಟ ತುಂಬಿ ಗಟ್ಟಿಯಾಗುತ್ತದೆ. ಹೊಟ್ಟು ಕಳೆದ ಕಾಳಿನಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಇದೇ. (ಬೇಳೆಯ ಕಥೆ ಬೇರೆ. ಹೆಸರು, ಅವರೆಗಳಲ್ಲಿ ಭ್ರೂಣವು ಬುತ್ತಿಯನ್ನು ಮೊದಲೇ ತಿಂದು ಮುಗಿಸಿರುತ್ತದೆ. ಅನ್ನದಲ್ಲಿ ನಾವು ಉಣ್ಣುವುದು ಬುತ್ತಿಯನ್ನು, ಹುಳಿಯಲ್ಲಿ ಉಣ್ಣುವುದು ಬುತ್ತಿ ತಿಂದ ಮಗುವನ್ನು!) ಬುತ್ತಿಯ ಒಳಭಾಗವೆಲ್ಲ ಹೆಚ್ಚಾಗಿ ಪಿಷ್ಟ. ಅಂಚಿನ ಕೋಶಗಳ ತೆಳುಪದರದಲ್ಲಿ ಸಾರಜನಕದ ಅಂಶ, ಎಣ್ಣೆ, ಬಿ ಜೀವಸತ್ವಗಳು ಕೂಡಿರುತ್ತವೆ. ಕಾಳು ಮೊಳೆಯುವಾಗ ಪಿಷ್ಟವನ್ನು ಕರಗಿಸಿ ಸಿಹಿಮಾಡುವ ರಸವನ್ನು ಸ್ರವಿಸುವುದೂ ಈ ಪದರವೇ. ಗಿರಣಿಯಲ್ಲಿ ಅಕ್ಕಿಯನ್ನು ಬೆಳ್ಳಗೆ ಮಾಡಿದಾಗ ತೌಡಿನೊಡನೆ, ಮೊಳಕೆಯ ಮೂತಿಯೊಡನೆ ಇದೂ ಹೋಗುತ್ತದೆ.

ಹೋದರೇನಾಗುತ್ತದೆ? ಜಾವಾದಲ್ಲಿ 1890ರ ದಶಕದಲ್ಲಿ ಐಕ್ಮನ್ ಎಂಬ ಡಚ್ ವೈದ್ಯರು ಬರಿಯ ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲು ಬಿದ್ದುಹೋದುದನ್ನೂ, ತೌಡುಳ್ಳ ಅಕ್ಕಿ ಕೊಟ್ಟಾಗ ಅವು ಎದ್ದು ನಡೆದುದನ್ನೂ ಕಂಡರು. ಮನುಷ್ಯರಲ್ಲಿ ಇದೇ ಬೆರಿಬೆರಿ. ಹಳೆಯ ಮದರಾಸು ಪ್ರಾಂತದಲ್ಲಿ ಬೆಳ್ತಿಗೆ ಅಕ್ಕಿ ಉಣ್ಣುವ ಉತ್ತರ ಸರ್ಕಾರ ಜಿಲ್ಲೆಗಳನ್ನು ಈ ರೋಗ ಕಾಡಿತು. ಕುಚ್ಚಲಕ್ಕಿ ಉಣ್ಣುವ ಜಿಲ್ಲೆಗಳಲ್ಲಿ ವಿರಳವಾಗಿತ್ತು.

ಕಾರಣ ಸರಳ. ಭತ್ತವನ್ನು ನೆನೆಹಾಕಿ, ಹಬೆಯಲ್ಲಿ ಬೇಯಿಸಿ ಒಣಗಿಸುವಾಗ ಅಂಚಿನ ಬಿ ಜೀವಸತ್ವದ ಒಂದು ಭಾಗ ನೀರಿನೊಡನೆ ಬುತ್ತಿಯ ಒಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿ ಹೊರಗಿನದನ್ನು ಕೆರೆದರೂ ಒಳಗೆ ಸೇರಿದ್ದು ಉಳಿಯುತ್ತದೆ. ಮಟ್ಟ ಅಕ್ಕಿಯ ಕೆಂಪು ಮಾತ್ರ ಹೊರಸಿಪ್ಪೆಯ ಬಣ್ಣ. ಕಾಳಿನ ಮೇಲೆ ಕೆಂಪು ಗೆರೆಗಳು ಕಂಡರೆ ತೌಡು ಸ್ವಲ್ಪ ಉಳಿದಿದೆಯೆಂದು ತಿಳಿಯಬಹುದು. ಹತ್ತು ಸಲ ತೊಳೆದು, ಗಂಜಿಯನ್ನು ಬಸಿದು ಚೆಲ್ಲಿದರೆ ಜೀವಸತ್ವದ ಬಹುಪಾಲು ಮೋರಿಯ ಪಾಲು.

ಕುಚ್ಚಲಕ್ಕಿ ನಮಗೆ ಪರಕೀಯವೇ? ಮಂಗಳೂರು, ಕಾಸರಗೋಡಿನ ಬಂಧುಗಳು ನಗುತ್ತಿರಬಹುದು. ಅವರ ನಿತ್ಯದ ಊಟ ಅದು. ಮೈಸೂರಿನ ಕಡೆಯವರೂ ಕುಸುಬಲಕ್ಕಿಯೆಂದು ಅದನ್ನು ಇಡ್ಲಿಗೆ ರುಬ್ಬುತ್ತಲೇ ಬಂದಿದ್ದೇವೆ. ನಾನೂ ಮತಾಂತರಿಯಲ್ಲ. ಚಿತ್ರಾನ್ನಕ್ಕೂ ಮೊಸರನ್ನಕ್ಕೂ ನಮ್ಮ ಮನೆಯಲ್ಲಿ ಸೋನಾ ಮಸೂರಿಯೇ. ರಾತ್ರಿಯ ಗಂಜಿಗೆ ಮಟ್ಟ, ಜತೆಗೆ ಮಾವಿನಮಿಡಿ ಉಪ್ಪಿನಕಾಯಿ.