ನಿಂತಲ್ಲಿ ಒಂದು ಗುರುತು: ಇಲಿಯಡ್ ಓದು ಮತ್ತು ಓದಿನ ದಿನಚರಿ



ಹೋಮರನ ಇಲಿಯಡ್ ಕಾವ್ಯವನ್ನು ಮೊದಲ ಸಲ ಕೈಗೆತ್ತಿಕೊಂಡವರಲ್ಲಿ ಅನೇಕರು ಮರದ ಕುದುರೆಗಾಗಿ ಕಾಯುತ್ತಾರೆ. 24 ಸರ್ಗಗಳು, 15,000ಕ್ಕೂ ಮೀರಿದ ಸಾಲುಗಳು ಮುಗಿದರೂ ಕುದುರೆ ಬರುವುದಿಲ್ಲ. ಟ್ರಾಯ್ ನಗರ ಬೀಳುವುದಿಲ್ಲ, ಗ್ರೀಕರ ವೀರ ಅಖಿಲೀಸ್ ಸಾಯುವುದಿಲ್ಲ, ಅವನ ಹಿಮ್ಮಡಿಯ ಸುದ್ದಿಯೇ ಇಲ್ಲ. ಹತ್ತು ವರ್ಷದ ಯುದ್ಧದಲ್ಲಿ ಕೆಲವು ವಾರಗಳ ಕಥೆಯನ್ನಷ್ಟೇ ಹೇಳಿ, ಟ್ರಾಯ್‌ನ ರಾಜಕುಮಾರ ಹೆಕ್ಟರನ ಶವಸಂಸ್ಕಾರದ ಹೊತ್ತಿಗೆ ಕವಿ ನಿಲ್ಲಿಸಿಬಿಡುತ್ತಾನೆ. ಕುದುರೆ ಬೇಕಾದವರು ಒಡಿಸ್ಸಿಯ ಎಂಟನೆಯ ಸರ್ಗಕ್ಕೆ ಹೋಗಬೇಕು. ಅಲ್ಲಿ ಕುರುಡ ಹಾಡುಗಾರನೊಬ್ಬ ಆ ಪ್ರಸಂಗವನ್ನು ಹಾಡುತ್ತಾನೆ.

ಆದ್ದರಿಂದ ನನ್ನ ಮೊದಲ ಸಲಹೆ ಇಷ್ಟು: ಓದಿನ ದಿನಚರಿಯ ಮೊದಲ ಪುಟವನ್ನು ಕಾವ್ಯ ತೆರೆಯುವ ಮುಂಚೆಯೇ ಬರೆಯಿರಿ. ಈ ಕಾವ್ಯದಲ್ಲಿ ಏನಿರುತ್ತದೆ ಎಂದುಕೊಂಡಿದ್ದೀರಿ? ಸಿನಿಮಾದಿಂದ ತಿಳಿದದ್ದು, ಶಾಲೆಯ ಪಾಠದಲ್ಲಿ ಕೇಳಿದ್ದು, ಎಲ್ಲ ಬರಲಿ. ಪೀಠಿಕೆಯನ್ನು ಮಾತ್ರ ಈಗ ಓದಬೇಡಿ. ವಿದ್ವಾಂಸರ ಪೀಠಿಕೆಗಳು ಬಹಳ ಒಳ್ಳೆಯವು, ಕೊನೆಯಲ್ಲಿ ಓದಿದರೆ ಇನ್ನೂ ಒಳ್ಳೆಯವು.

ನಮ್ಮ ಕಾಲೇಜುಗಳಲ್ಲಿ ಓದಿನ ಟಿಪ್ಪಣಿ ಅಂದರೆ ಸಾರಾಂಶ. ಮೊದಲ ಸರ್ಗದಲ್ಲಿ ಜಗಳ, ಆರನೆಯದರಲ್ಲಿ ವಿದಾಯ, ಇಪ್ಪತ್ತೆರಡನೆಯದರಲ್ಲಿ ವಧೆ. ಇದಕ್ಕೆ ಗೈಡುಗಳಿವೆ, ನೀವು ಕಷ್ಟಪಡಬೇಕಾಗಿಲ್ಲ. ಅಂಕಕ್ಕಾಗಿ ಬರೆಸುವ ದಿನಚರಿಯಂತೂ ಮೂರನೆಯ ವಾರಕ್ಕೆ ಮೇಷ್ಟರಿಗೆ ಇಷ್ಟವಾಗುವ ಮಾತುಗಳ ಸಂಗ್ರಹವಾಗುತ್ತದೆ. ನಾನು ಹೇಳುವ ದಿನಚರಿ ಕಥೆಯನ್ನು ಬರೆದಿಡುವುದಿಲ್ಲ. ಓದುತ್ತ ನೀವು ಎಲ್ಲಿ ನಿಂತಿರಿ ಎಂಬುದನ್ನು ಬರೆದಿಡುತ್ತದೆ. ಬೇಸರವಾಗಿ ನಿಂತಿರಬಹುದು, ಸಿಟ್ಟು ಬಂದು ನಿಂತಿರಬಹುದು, ಅರ್ಥವಾಗದೆ ನಿಂತಿರಬಹುದು. ಎಡಪುಟದಲ್ಲಿ ಸರ್ಗ ಮತ್ತು ಸಾಲಿನ ಸಂಖ್ಯೆ, ಬಲಪುಟದಲ್ಲಿ ನಿಮ್ಮ ಮಾತು. ಸಾಲಿನ ಸಂಖ್ಯೆ ಕಡ್ಡಾಯ. ಗದ್ಯಾನುವಾದ ಓದುವವರಿಗೆ ಇದು ಕಷ್ಟ. ಲ್ಯಾಟಿಮೋರ್ 1951ರಲ್ಲಿ ತಂದ ಇಂಗ್ಲಿಷ್ ಅನುವಾದ ಮೂಲದ ಸಾಲುಗಳ ಜೊತೆಜೊತೆಗೇ ನಡೆಯುವುದರಿಂದ ಅದೊಂದನ್ನು ಪಕ್ಕದಲ್ಲಿಟ್ಟುಕೊಂಡರೆ ಸಾಕು.

ಬೇಸರದಿಂದಲೇ ಆರಂಭಿಸೋಣ. ಎರಡನೆಯ ಸರ್ಗದಲ್ಲಿ ಹಡಗುಗಳ ಪಟ್ಟಿ ಬರುತ್ತದೆ: 29 ತುಕಡಿಗಳು, ಒಟ್ಟು 1,186 ಹಡಗುಗಳು, ಅವುಗಳ ನಾಯಕರು, ಊರುಗಳು. ಪುಟ ಹಾರಿಸಿ ಮುಂದೆ ಹೋಗದವರು ಕಡಿಮೆ. ಹಾರಿಸುವುದಾದರೆ ಹಾರಿಸಿದೆ ಎಂದು ಬರೆದು ಹಾರಿಸಿ. ಆಮೇಲೆ ವಾಪಸು ಬನ್ನಿ. ಅಲ್ಲಿ ಪ್ರೊಟೆಸಿಲಾಸ್ ಎಂಬವನಿದ್ದಾನೆ. ಟ್ರಾಯ್ ನೆಲಕ್ಕೆ ಎಲ್ಲರಿಗಿಂತ ಮೊದಲು ಹಾರಿದವನು, ಹಾರುತ್ತಿದ್ದಂತೆಯೇ ಸತ್ತವನು. ಊರಿನಲ್ಲಿ ಕೆನ್ನೆ ಪರಚಿಕೊಂಡು ಅಳುವ ಹೆಂಡತಿ, ಅರ್ಧಕ್ಕೇ ನಿಂತ ಮನೆ. ಕೆಲವೇ ಸಾಲುಗಳಲ್ಲಿ ಇದನ್ನು ಹೇಳಿ ಕವಿ ಮತ್ತೆ ಹಡಗು ಎಣಿಸುತ್ತಾನೆ.

ಈ ಪಟ್ಟಿಯಿಂದ ಒಂದು ಅಭ್ಯಾಸ ಕಲಿಯಬಹುದು. ಹೆಸರಿರುವ ಸತ್ತವರನ್ನೆಲ್ಲ ಹಿಂದಿನ ಪುಟಗಳಲ್ಲಿ ಬರೆಯುತ್ತ ಹೋಗಿ. ಇಲಿಯಡ್‌ನಲ್ಲಿ ಅವರು ಇನ್ನೂರಕ್ಕೂ ಹೆಚ್ಚು. ನಾಲ್ಕನೆಯ ಸರ್ಗದ ಸಿಮೋಯಿಸಿಯಸ್ ನದಿ ದಡದಲ್ಲಿ ಹುಟ್ಟಿದ್ದರಿಂದ ಆ ನದಿಯ ಹೆಸರನ್ನೇ ಪಡೆದ ಹುಡುಗ. ಸಾಕಿದ ಋಣ ತೀರಿಸುವ ಮೊದಲೇ ಗ್ರೀಕ್ ವೀರ ಏಯಾಸನ ಈಟಿಗೆ ಬಿದ್ದ. ಬಹುತೇಕರಿಗೆ ಕಾವ್ಯದಲ್ಲಿ ಸಿಗುವ ಜಾಗ ಸಾಯುವ ಹೊತ್ತಿನದು ಮಾತ್ರ. ಈ ಪಟ್ಟಿ ಇಟ್ಟವರಿಗೆ ಹದಿಮೂರನೆಯ ಸರ್ಗದಲ್ಲಿ ಒಂದು ಬಹುಮಾನ ಕಾದಿದೆ. ಅಲ್ಲಿ ಹಾರ್ಪಾಲಿಯನ್ ಎಂಬ ಯುವಕ ಸಾಯುತ್ತಾನೆ, ಅವನ ಶವದ ಹಿಂದೆ ತಂದೆ ಪೈಲೆಮಿನೀಸ್ ಅಳುತ್ತ ನಡೆಯುತ್ತಾನೆ. ನಿಮ್ಮ ಪಟ್ಟಿ ತಿರುವಿ ನೋಡಿ: ಪೈಲೆಮಿನೀಸ್ ಐದನೆಯ ಸರ್ಗದಲ್ಲೇ ಸತ್ತಾಗಿದೆ!

ಪ್ರಾಚೀನರೂ ಇಲ್ಲಿ ನಿಂತರು. ಒಂದೇ ಹೆಸರಿನ ಇಬ್ಬರಿರಬೇಕು ಎಂದವರುಂಟು, ಸಾಲುಗಳೇ ಪ್ರಕ್ಷಿಪ್ತ ಎಂದವರುಂಟು. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಪಾಲಕನಾಗಿದ್ದ ಅರಿಸ್ಟಾರ್ಕಸ್ ಇಂಥ ನಿಲುಗಡೆಗಳಿಗೆ ಒಂದು ಗುರುತಿನ ವ್ಯವಸ್ಥೆಯನ್ನೇ ಬಳಸಿದ. ಸಂಶಯದ ಸಾಲಿನ ಎಡಕ್ಕೆ ಒಂದು ಅಡ್ಡಗೆರೆ. ಗಮನಿಸಬೇಕಾದ ಸಾಲಿಗೆ ಮೂತಿ ಚೂಪಾದ ಇನ್ನೊಂದು ಚಿಹ್ನೆ. ಸಂಶಯವಿದೆಯೆಂದು ಅಡ್ಡಗೆರೆ ಎಳೆದ ಸಾಲುಗಳನ್ನು ಅವನು ಕಿತ್ತು ಎಸೆಯಲಿಲ್ಲ, ಅವು ಕಾವ್ಯದಲ್ಲೇ ಉಳಿದವು. ಅವನ ವ್ಯಾಖ್ಯಾನ ಇಡಿಯಾಗಿ ನಮಗೆ ಸಿಕ್ಕಿಲ್ಲ. ಆದರೆ ವೆನಿಸ್ಸಿನ ಮಾರ್ಚಿಯಾನಾ ಗ್ರಂಥಾಲಯದಲ್ಲಿರುವ ಹತ್ತನೆಯ ಶತಮಾನದ ಚರ್ಮದ ಹಸ್ತಪ್ರತಿಯೊಂದರ ಅಂಚುಗಳಲ್ಲಿ ಆ ಚಿಹ್ನೆಗಳೂ ಆ ವ್ಯಾಖ್ಯಾನದ ಸಾರವೂ ಉಳಿದಿವೆ. 1788ರಲ್ಲಿ ವಿಲ್ವಾಸೊ ಎಂಬ ಫ್ರೆಂಚ್ ವಿದ್ವಾಂಸ ಅದನ್ನು ಅಚ್ಚು ಹಾಕಿಸಿದ. ಹೋಮರ್ ಯಾರು, ಒಬ್ಬನೇ, ಹಲವರೇ ಎಂಬ ಆಧುನಿಕ ವಾದಕ್ಕೆ ಆ ಅಂಚಿನ ಟಿಪ್ಪಣಿಗಳೇ ಮೇವು ಒದಗಿಸಿದವು. ದಿನಚರಿಯಲ್ಲಿ ಬರೆದದ್ದನ್ನು ಹೊಡೆದುಹಾಕಬೇಡಿ, ಪಕ್ಕದಲ್ಲಿ ಗೆರೆ ಎಳೆಯಿರಿ ಎಂದು ನಾನು ಹೇಳುವುದು ಅರಿಸ್ಟಾರ್ಕಸನನ್ನು ನೋಡಿಯೇ.

ಇನ್ನು ಸಿಟ್ಟು. ಅಖಿಲೀಸ್ ಕೂತಿದ್ದರೂ ವೇಗದ ಕಾಲಿನವನು. ದಡಕ್ಕೆಳೆದ ಹಡಗೂ ವೇಗದ ಹಡಗು. ಈ ವಿಶೇಷಣಗಳು ಐದಾರು ಸರ್ಗ ಕಳೆಯುವಾಗ ತಲೆಚಿಟ್ಟು ಹಿಡಿಸುತ್ತವೆ. ಹಾಗೆಂದೇ ಬರೆಯಿರಿ. ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಇದೇ ಪುನರಾವೃತ್ತಿಯನ್ನು ಹಿಡಿದು ಹೊರಟು, 1933ರಿಂದ 1935ರವರೆಗೆ ಯುಗೊಸ್ಲಾವಿಯದ ಹಳ್ಳಿಗಾಡಿನ ಹಾಡುಗಾರರ ಹಾಡುಗಳನ್ನು ದಾಖಲಿಸಿದ. ಅವರಲ್ಲಿ ಅವ್ದೊ ಮೆಜೆದೊವಿಚ್ ಓದುಬರಹ ಬಾರದವನು, 12,000 ಸಾಲು ಮೀರಿದ ಒಂದು ಕಥನವನ್ನು ಹೇಳಿ ಬರೆಸಿದ. ಹಾಡುತ್ತಲೇ ಕಟ್ಟುವವನಿಗೆ ಛಂದಸ್ಸಿನ ಅಳತೆಗೆ ಒದಗುವ ಸಿದ್ಧ ಪದಪುಂಜಗಳು ಬೇಕು; ನಮ್ಮನ್ನು ರೇಗಿಸುವುದು ಅವೇ. ಇಷ್ಟು ತಿಳಿದ ಮೇಲೂ ನಿಮ್ಮ ಸಿಟ್ಟು ಹೋಗದಿದ್ದರೆ ಅದೂ ಬರಲಿ. ಪ್ಯಾರಿಯ ವಿವರಣೆ ಪುನರಾವೃತ್ತಿ ಹೇಗೆ ಬಂತೆಂದು ಹೇಳುತ್ತದೆ, ನಿಮಗೆ ಇಷ್ಟವಾಗಲೇಬೇಕೆಂದಲ್ಲ.

ನನಗೆ ಅತ್ಯಂತ ಫಲ ಕೊಟ್ಟದ್ದು ಉಪಮೆಗಳಿಗೆಂದೇ ಮೀಸಲಿಟ್ಟ ಪುಟಗಳು. ಕುವೆಂಪು ಅವರ ಶ್ರೀ ರಾಮಾಯಣ ದರ್ಶನಂ ಓದಿದ ಕನ್ನಡಿಗರಿಗೆ ಮಹೋಪಮೆಯ ಪರಿಚಯವಿದೆ. ಆ ಕಾವ್ಯದ ಕವಿವಂದನೆಯಲ್ಲಿ ಹೋಮರನ ಹೆಸರೂ ಇದೆ. ಇಲಿಯಡ್‌ನ ಉಪಮೆಗಳನ್ನು ಮಾತ್ರ ಕಿತ್ತು ಒಂದೆಡೆ ಬರೆದುಕೊಂಡರೆ ವಿಚಿತ್ರವೊಂದು ಕಾಣುತ್ತದೆ. ಸಿಂಹ, ಬಿರುಗಾಳಿ, ಕಾಡ್ಗಿಚ್ಚುಗಳ ಜೊತೆಗೆ ನಿದ್ದೆಹೋದ ಮಗುವಿನ ಮೈಮೇಲಿಂದ ನೊಣ ಓಡಿಸುವ ತಾಯಿಯಿದ್ದಾಳೆ: ದೇವತೆ ಅಥೀನಾ ಗ್ರೀಕರ ಮೆನೆಲಾಸನತ್ತ ಬಂದ ಬಾಣವನ್ನು ಹಾಗೆ ಸರಿಸುತ್ತಾಳೆ. ಎರಡೂ ಕಡೆ ಸಮಬಲವಾಗಿ ನಿಂತ ಕಾಳಗಕ್ಕೆ, ಮಕ್ಕಳ ಹೊಟ್ಟೆಗಾಗಿ ಉಣ್ಣೆ ನೂಲುವ ಹೆಂಗಸು ತಕ್ಕಡಿ ಹಿಡಿದು ತೂಗುವುದರ ಹೋಲಿಕೆ. ಗ್ರೀಕರ ಕೋಟೆಯನ್ನು ಅಪೊಲೊ ಕೆಡಹುವುದು, ಸಮುದ್ರದ ದಂಡೆಯಲ್ಲಿ ಮರಳಾಟವಾಡಿ ಕೆಡಿಸುವ ಹುಡುಗನಂತೆ. ಅಳುತ್ತ ಬಂದ ಗೆಳೆಯ ಪೆಟ್ರೋಕ್ಲಸನಿಗೆ ಅಖಿಲೀಸ್ ಹೇಳುತ್ತಾನೆ: ಎತ್ತಿಕೋ ಎಂದು ಅಮ್ಮನ ಬಟ್ಟೆ ಜಗ್ಗುವ ಪುಟ್ಟ ಹುಡುಗಿಯಂತಿದ್ದೀಯೆ. ಯುದ್ಧಭೂಮಿಯಲ್ಲಿ ಇಲ್ಲದ ಮನೆ, ಮಗು, ಕೈಕೆಲಸ, ಕೂಲಿ ಎಲ್ಲ ಹೋಲಿಕೆಗಳ ದಾರಿಯಿಂದ ಒಳಗೆ ಬಂದಿವೆ. ಸಾರಾಂಶ ಬರೆಯುವವನ ಕೈಯಿಂದ ಮೊದಲು ಜಾರುವುದು ಇವೇ, ಏಕೆಂದರೆ ಇವುಗಳಿಂದ ಕಥೆ ಮುಂದೆ ಹೋಗುವುದಿಲ್ಲ.

ಬ್ರಿಸೇಯಿಸ್‌ಗೂ ಒಂದು ಪುಟ ಇಡಿ. ಅಖಿಲೀಸನಿಗೂ ಗ್ರೀಕರ ಸೇನಾನಾಯಕ ಆಗಮೆಮ್ನಾನನಿಗೂ ಆದ ಜಗಳಕ್ಕೆ ಕಾರಣಳಾದ ಈ ಸೆರೆಯಾಳು ಮೊದಲ ಸರ್ಗದಲ್ಲಿ ಒಲ್ಲದ ಮನಸ್ಸಿನಿಂದ ಆಗಮೆಮ್ನಾನನ ಆಳುಗಳ ಹಿಂದೆ ನಡೆದು ಹೋಗುತ್ತಾಳೆ. ಅವಳು ಮಾತಾಡುವುದು ಹತ್ತೊಂಬತ್ತನೆಯ ಸರ್ಗದಲ್ಲಿ, ಪೆಟ್ರೋಕ್ಲಸನ ಹೆಣದ ಮುಂದೆ, ಒಂದೇ ಸಲ. ಗಂಡನನ್ನು, ಮೂವರು ಅಣ್ಣತಮ್ಮಂದಿರನ್ನು ಕಳೆದುಕೊಂಡದ್ದು ಆಗ ನಮಗೆ ತಿಳಿಯುತ್ತದೆ. ಸುತ್ತಲಿನ ಸೆರೆಯಾಳು ಹೆಂಗಸರೂ ಅಳುತ್ತಾರೆ. ನೆಪ ಪೆಟ್ರೋಕ್ಲಸ್, ಅತ್ತದ್ದು ತಂತಮ್ಮ ದುಃಖಕ್ಕೆ ಎನ್ನುತ್ತಾನೆ ಕವಿ. ನಡುವಿನ ಹದಿನೇಳು ಸರ್ಗಗಳಲ್ಲಿ ನಿಮ್ಮ ಆ ಪುಟ ಹೆಚ್ಚುಕಡಿಮೆ ಖಾಲಿಯಾಗಿರುತ್ತದೆ. ಖಾಲಿಯಾಗಿಯೇ ಇರಲಿ.

ಕೊನೆಯ ಸರ್ಗದ ಬಗ್ಗೆ ನನ್ನದೊಂದು ತಕರಾರು ಹೇಳಿ ಮುಗಿಸುತ್ತೇನೆ. ಮಗ ಹೆಕ್ಟರನ ಹೆಣವನ್ನು ಕೊಂದವನಿಂದಲೇ ಕೇಳಲು ಬಂದ ಟ್ರಾಯ್‌ನ ಮುದಿ ದೊರೆ ಪ್ರಿಯಮನಿಗೆ ಅಖಿಲೀಸ್ ಊಟ ಮಾಡು ಎನ್ನುತ್ತಾನೆ. ಮಕ್ಕಳೆಲ್ಲರನ್ನೂ ಕಳೆದುಕೊಂಡ ನಿಯೊಬೆ ಕೂಡ ಉಂಡಳು ಎಂದು ಕಥೆ ಹೇಳುತ್ತಾನೆ. ಅವಳು ಕಲ್ಲಾಗಿ ಇಂದಿಗೂ ದುಃಖಿಸುತ್ತಿದ್ದಾಳೆ ಎಂಬ ನಾಲ್ಕು ಸಾಲಿಗೆ, 614ರಿಂದ 617ರವರೆಗೆ, ಅರಿಸ್ಟಾರ್ಕಸ್ ಅಡ್ಡಗೆರೆ ಎಳೆದ. ಉಂಡ ಮೇಲೂ ಕಲ್ಲಾದಳು ಎಂದರೆ ಅದೆಂಥ ಸಮಾಧಾನ ಎಂಬ ಆಕ್ಷೇಪ ಹಳೆಯ ಟಿಪ್ಪಣಿಗಳಲ್ಲಿದೆ. ನನಗೆ ಆ ಸಾಲುಗಳು ಬೇಕು. ಉಂಡರೆ ದುಃಖ ತೀರುತ್ತದೆಂದು ಅಖಿಲೀಸ್ ಹೇಳುತ್ತಿಲ್ಲ. ಊಟವಾದ ಮೇಲೆ ಅವನೇ ಕೇಳುತ್ತಾನೆ, ಹೆಕ್ಟರನ ಸಂಸ್ಕಾರಕ್ಕೆ ಎಷ್ಟು ದಿನ ಬೇಕು ಎಂದು. ಒಂಬತ್ತು ದಿನ ಅಳುತ್ತೇವೆ, ಹತ್ತನೆಯ ದಿನ ಸಂಸ್ಕಾರ, ಹನ್ನೊಂದಕ್ಕೆ ಗೋರಿ, ಹನ್ನೆರಡಕ್ಕೆ ಬೇಕಿದ್ದರೆ ಯುದ್ಧ ಎನ್ನುತ್ತಾನೆ ಪ್ರಿಯಮ್. ಅಷ್ಟು ದಿನ ಸೇನೆಯನ್ನು ತಡೆಯಲು ಅಖಿಲೀಸ್ ಒಪ್ಪುತ್ತಾನೆ.