ಹಿಮದೋಣಿಯ ಪಂದ್ಯ ಮತ್ತು ಲೆಕ್ಕಿಗ

ಶಾಲೆಯ ವಾರ್ಷಿಕೋತ್ಸವದ ಓಟದ ಪಂದ್ಯಗಳನ್ನು ನೀವೆಲ್ಲ ನೋಡಿದ್ದೀರಿ. ಗುರಿಯ ಬಳಿ ಕೈಯಲ್ಲಿ ಕಾಗದ ಹಿಡಿದು ಮೇಷ್ಟರೊಬ್ಬರು ನಿಂತಿರುತ್ತಾರಲ್ಲವೆ? ಅವರನ್ನು ಯಾರೂ ಗಮನಿಸುವುದಿಲ್ಲ. ಮೂರನೆಯವನನ್ನು ಎರಡನೆಯವನೆಂದು ಬರೆದುಕೊಂಡಾಗ ಮಾತ್ರ ಎಲ್ಲರ ಕಣ್ಣೂ ಅವರ ಮೇಲೆ ಬೀಳುತ್ತದೆ. ಆದರೂ ಆ ತಪ್ಪು ಅಷ್ಟು ದೊಡ್ಡದಲ್ಲ. ಸಂಜೆ ಬಹುಮಾನ ಹಂಚುವ ಮೊದಲು ತಿದ್ದಿದರೆ ಆಯಿತು. ಹಾಗೆ ಸಂಜೆಗೆ ತಿದ್ದಲು ಬಾರದ ಒಂದು ಲೆಕ್ಕದ ವಿಷಯವನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಉತ್ತರ ಅಮೆರಿಕದ ಮಹಾಸರೋವರಗಳ ಸೀಮೆಯಲ್ಲಿಯೂ ಯೂರೋಪಿನ ಪೋಲೆಂಡ್, ಎಸ್ಟೋನಿಯ, ಸ್ವೀಡನ್ ಮೊದಲಾದ ದೇಶಗಳಲ್ಲಿಯೂ ಚಳಿಗಾಲಕ್ಕೆ ಸರೋವರಗಳು ಕಲ್ಲಿನಂತೆ ಹೆಪ್ಪುಗಟ್ಟುತ್ತವೆ. ಆ ಗಡ್ಡೆಯ ಮೇಲೆ ಹಾಯಿ ಕಟ್ಟಿ ಓಡಿಸುವ ವಾಹನವೇ ಹಿಮದೋಣಿ. ಅದಕ್ಕೆ ನೀರು ಬೇಡ, ಹುಟ್ಟು ಬೇಡ. ಕೆಳಗೆ ಮೂರು ಲೋಹದ ಅಲಗುಗಳು, ಮೇಲೆ ಒಂದು ಹಾಯಿ, ನಡುವೆ ಮಲಗಿದಂತೆ ಕುಳಿತ ಒಬ್ಬ ಸವಾರ. ಇವುಗಳಲ್ಲಿ ಬಹು ಪ್ರಸಿದ್ಧವಾದುದು 'ಡಿ.ಎನ್.' ಎಂಬ ಜಾತಿ. ಡೆಟ್ರಾಯ್ಟ್ ನ್ಯೂಸ್ ಎಂಬ ಪತ್ರಿಕೆಯ ಆಶ್ರಯದಲ್ಲಿ 1937ರ ಸುಮಾರಿಗೆ ಹುಟ್ಟಿದ್ದರಿಂದ ಆ ಹೆಸರು. ಉದ್ದ 12 ಅಡಿ, ಹಾಯಿ 60 ಚದರ ಅಡಿ. ಗಡ್ಡೆಯ ಮೇಲೆ ಅಲಗಿಗೆ ತಡೆ ಬಹಳ ಕಡಿಮೆ. ಆದ್ದರಿಂದ ಅದು ಬೀಸುವ ಗಾಳಿಗಿಂತ ಹಲವು ಪಟ್ಟು ವೇಗವಾಗಿ ಓಡಬಲ್ಲದು.

ಈಗ ಲೆಕ್ಕ ಬರೆಯುವವರ ಪಾಡನ್ನು ನೋಡಿ. ದೋಣಿ ಗಂಟೆಗೆ 50 ಮೈಲಿ ವೇಗದಲ್ಲಿ ಬಂದರೆ ತನ್ನ 12 ಅಡಿ ಉದ್ದವನ್ನು ದಾಟಲು ಅದಕ್ಕೆ ಒಂದು ಸೆಕೆಂಡಿನ ಆರನೆಯ ಒಂದು ಪಾಲು ಸಾಕು. ಅಷ್ಟರೊಳಗೆ ಹಾಯಿಯ ಮೇಲಿನ ಗುರುತನ್ನು ಓದಿಬಿಡಬೇಕು. ಬರಿಯ ಸಂಖ್ಯೆ ಓದಿದರೆ ಸಾಲದು. ಪೋಲೆಂಡಿನವರಿಗೆ 'ಪಿ', ಸ್ವೀಡನ್ನಿನವರಿಗೆ 'ಎಸ್' ಎಂದು ದೇಶದ ಅಕ್ಷರವೂ ಇರುತ್ತದೆ. ಒಂದೇ ಸಂಖ್ಯೆ ಇಬ್ಬರಿಗೂ ಇರಬಹುದು. ಇದೆಲ್ಲ ಕೊರೆಯುವ ಚಳಿಯಲ್ಲಿ, ದಪ್ಪ ಕೈಚೀಲ ತೊಟ್ಟ ಬೆರಳುಗಳಿಂದ ನಡೆಯಬೇಕು.

ನೀರಿನ ಮೇಲಿನ ಹಾಯಿದೋಣಿಗಳ ಪಂದ್ಯಗಳಿಗೆ ಅಂಕ ಕೂಡಿಸುವ ಕಂಪ್ಯೂಟರ್ ತಂತ್ರಾಂಶಗಳು ಉಂಟು. 'ಸೇಲ್‌ವೇವ್' ಎಂಬುದು ಅಂಥದೊಂದು, ಉಚಿತವಾಗಿಯೇ ಸಿಗುತ್ತದೆ. ಪದ್ಧತಿ ಸರಳ: ಮೊದಲು ಬಂದವನಿಗೆ 1 ಅಂಕ, ಎರಡನೆಯವನಿಗೆ 2, ಕೊನೆಗೆ ಯಾರ ಮೊತ್ತ ಕಡಿಮೆಯೋ ಅವನು ಗೆದ್ದ. ಓಟ ಮುಗಿಸದವನಿಗೆ ಸಾಮಾನ್ಯವಾಗಿ ಹೆಸರು ಕೊಟ್ಟವರ ಸಂಖ್ಯೆಗಿಂತ ಒಂದು ಹೆಚ್ಚು ಅಂಕ. ಹಾಗಾದರೆ ಅದೇ ತಂತ್ರಾಂಶವನ್ನು ಹಿಮದ ಮೇಲೆ ಒಯ್ದರೆ ಆಗದೆ ಎಂದು ನೀವು ಕೇಳಬಹುದು. ಆಗುತ್ತದೆ. ಆದರೆ ಅಂಗಡಿಯಲ್ಲಿ ತಂದ ಅಂಗಿಯನ್ನು ಮೈಗೆ ತಕ್ಕಂತೆ ಹಿಡಿಸಿ ಹೊಲಿಸಿದ ಹಾಗೆ ಮೂರು ಕಡೆ ಸರಿಮಾಡಿಕೊಳ್ಳಬೇಕು.

ಮೊದಲನೆಯದು ಕಾಲದ ವಿಷಯ. ನೀರಿನಲ್ಲಿ ಬೇರೆ ಬೇರೆ ಗಾತ್ರದ ದೋಣಿಗಳು ಸ್ಪರ್ಧಿಸಿದಾಗ ವೇಳೆಯನ್ನು ಅಳೆದು, ಗುಣಿಸಿ, ಸರಿದೂಗಿಸುವುದುಂಟು. ಡಿ.ಎನ್. ದೋಣಿಗಳು ಒಂದೇ ಅಳತೆಗೆ ಕಟ್ಟಿದವು. ಅಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬ ಕ್ರಮವೊಂದೇ ಸಾಕು. ತಂತ್ರಾಂಶಕ್ಕೆ 'ವೇಳೆ ಕೇಳಬೇಡ, ಸ್ಥಾನ ಕೇಳು' ಎಂದು ಹೇಳಿಕೊಡಬೇಕು.

ಎರಡನೆಯದು ಗುಂಪುಗಳ ವಿಷಯ. ದೊಡ್ಡ ಪಂದ್ಯಗಳಲ್ಲಿ ಸವಾರರನ್ನು ಚಿನ್ನ, ಬೆಳ್ಳಿ, ಕಂಚು ಎಂದು ವಿಂಗಡಿಸುತ್ತಾರೆ. ಅರ್ಹತೆಯ ಓಟದಲ್ಲಿ ಮುಂದೆ ಬಂದವರು ಕೆಳಗಿನ ಗುಂಪಿನಿಂದ ಮೇಲಿನದಕ್ಕೆ ಏರುವುದೂ ಉಂಟು. ಹಾಗೆ ಏರಿದವನ ಹೆಸರು ಎರಡು ಪಟ್ಟಿಯಲ್ಲಿಯೂ ಉಳಿದುಬಿಟ್ಟರೆ ತಂತ್ರಾಂಶ ಒಬ್ಬನನ್ನು ಇಬ್ಬರೆಂದು ಎಣಿಸುತ್ತದೆ. ಹೆಸರು ಕೊಟ್ಟವರ ಸಂಖ್ಯೆ ಒಂದು ಹೆಚ್ಚಾಯಿತು. ಅದರಿಂದ, ಅಲಗು ಮುರಿದು ಓಟ ಬಿಟ್ಟ ಬಡಪಾಯಿಗೆ ಸುಮ್ಮಸುಮ್ಮನೆ ಒಂದು ಅಂಕದ ದಂಡ! ಆ ಎಣಿಕೆಯನ್ನು ಗುಂಪು ಗುಂಪಿಗೂ ಕೈಯಾರೆ ನೋಡಿ ಸರಿಪಡಿಸಬೇಕು.

ಮೂರನೆಯದೇ ಮುಖ್ಯವಾದುದು. ಹಿಮದೋಣಿಗಳು ನಿಂತಲ್ಲಿಂದಲೇ ಹೊರಡುತ್ತವೆ. ಒಂದು ಗೆರೆಯ ಉದ್ದಕ್ಕೂ ಸಾಲಾಗಿ ನಿಲ್ಲುತ್ತವೆ, ಬೆಸಸಂಖ್ಯೆಯವರು ಒಂದು ಪಕ್ಕ, ಸಮಸಂಖ್ಯೆಯವರು ಇನ್ನೊಂದು ಪಕ್ಕ. ಬಾವುಟ ಬಿದ್ದೊಡನೆ ಸವಾರರು ದೋಣಿಯನ್ನು ತಳ್ಳುತ್ತ ಓಡಿ, ವೇಗ ಬಂದ ಮೇಲೆ ಹಾರಿ ಕೂರುತ್ತಾರೆ. ಆ ಸಾಲಿನಲ್ಲಿ ಯಾರಿಗೆ ಯಾವ ಸ್ಥಾನ? ಹಿಂದಿನ ಓಟದಲ್ಲಿ ಬಂದ ಕ್ರಮವೇ ಮುಂದಿನ ಓಟಕ್ಕೆ ನಿಲ್ಲುವ ಕ್ರಮ. ಆದುದರಿಂದ ತಂತ್ರಾಂಶ ಸಂಜೆಗೆ ಅಂಕ ಕೂಡಿಸಿಕೊಟ್ಟರೆ ಸಾಲದು. ಓಟ ಮುಗಿದ ಕೆಲವೇ ನಿಮಿಷಗಳಲ್ಲಿ ಬೆಸ ಒಂದು ಕಡೆ, ಸಮ ಒಂದು ಕಡೆ ಬಿಡಿಸಿದ ಪಟ್ಟಿಯನ್ನು ಕೈಗೆ ಕೊಡಬೇಕು.

ತಪ್ಪು ಹೇಗೆ ಬೆಳೆಯುತ್ತದೆಂಬುದು ಈಗ ನಿಮಗೆ ತಿಳಿಯಿತು. ನಾಲ್ಕನೆಯವನಾಗಿ ಬಂದವನನ್ನು ಹದಿನಾಲ್ಕನೆಯವನೆಂದು ಬರೆದುಕೊಂಡರು ಎನ್ನಿ. ಅವನು ಮುಂದಿನ ಓಟಕ್ಕೆ ಹದಿನಾಲ್ಕನೆಯ ಸ್ಥಾನದಲ್ಲಿ ನಿಂತ, ಅಲ್ಲಿಂದ ಓಡಿದ, ಹಿಂದೆ ಬಿದ್ದ. ಸಂಜೆ ತಪ್ಪು ಹೊರಬಿತ್ತು. ಮೊದಲನೆಯ ಓಟದ ಅಂಕವನ್ನೇನೋ ತಿದ್ದಬಹುದು. ಎರಡನೆಯ ಓಟವನ್ನು ತಿದ್ದುವುದು ಹೇಗೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದಕ್ಕೇ. ಮತ್ತೆ ಓಡಿಸೋಣವೆಂದರೆ ಮಾರನೆಯ ದಿನ ಗಾಳಿ ನಿಲ್ಲಬಹುದು, ಹಿಮ ಸುರಿದು ಗಡ್ಡೆಯನ್ನು ಮುಚ್ಚಬಹುದು. ಒಳ್ಳೆಯ ಗಡ್ಡೆ ಎಲ್ಲಿದೆಯೆಂದು ನೋಡಿ ಪಂದ್ಯದ ಜಾಗವನ್ನೇ ಕೆಲವು ದಿನ ಮುಂಚೆಯಷ್ಟೇ ಗೊತ್ತುಮಾಡುವ ಕ್ರೀಡೆ ಇದು. ನೂರಾರು ಮೈಲಿ ದೂರದಿಂದ ದೋಣಿ ಹೇರಿಕೊಂಡು ಬಂದವನಿಗೆ ಸಿಕ್ಕುವುದು ಬೆರಳೆಣಿಕೆಯ ಓಟಗಳು. ಅದರಲ್ಲೊಂದು ನಮ್ಮ ಕೈತಪ್ಪಿನಿಂದ ಕೆಟ್ಟಿತೆಂದರೆ ಅವನಿಗೆ ಏನೆಂದು ಸಮಾಧಾನ ಹೇಳೋಣ?

ಅದಕ್ಕಾಗಿಯೇ ತಿಳಿದವರು ಎಲ್ಲವನ್ನೂ ಯಂತ್ರಕ್ಕೆ ಬಿಡುವುದಿಲ್ಲ. ಗುರಿಯ ಬಳಿ ಒಬ್ಬರು ಕೂಗಿ ಹೇಳಿದರೆ ಇನ್ನೊಬ್ಬರು ಸೀಸದ ಕಡ್ಡಿಯಿಂದ ಬರೆದುಕೊಳ್ಳುತ್ತಾರೆ. ಚಳಿಗೆ ಕಂಪ್ಯೂಟರಿನ ಬ್ಯಾಟರಿ ಬೇಗ ಸೋಲುತ್ತದೆ, ಸೀಸದ ಕಡ್ಡಿ ಸೋಲುವುದಿಲ್ಲ. ಬರೆದದ್ದನ್ನು ಹೋಲಿಸಿ ನೋಡಿದ ಮೇಲೆಯೇ ಅದು ತಂತ್ರಾಂಶಕ್ಕೆ ಹೋಗುತ್ತದೆ. ತಂತ್ರಾಂಶ ಚುರುಕಾದ ಗುಮಾಸ್ತ. ಕೊಟ್ಟದ್ದನ್ನು ಕೂಡಿಸುತ್ತದೆ, ಕೊಟ್ಟದ್ದು ನಿಜವೇ ಎಂದು ಕೇಳುವುದಿಲ್ಲ. ಆ ಪ್ರಶ್ನೆ ಕೇಳುವ ಹೊಣೆ ಚಳಿಯಲ್ಲಿ ಕಾಗದ ಹಿಡಿದು ನಿಂತವರದು. ಮುಂದಿನ ಸಲ ಶಾಲೆಯ ಮೈದಾನದಲ್ಲಿ ಅಂಥ ಮೇಷ್ಟರನ್ನು ಕಂಡರೆ ಅವರಿಗೊಂದು ನಮಸ್ಕಾರ ಹೇಳಿ.